ದಫ್ತರದಲ್ಲಿ ಹುಟ್ಟದ ವಿಲ್ಫ್

ನಮ್ಮ ದ್ವೀಪದ ರಿಜಿಸ್ಟ್ರಾರ್ ಡೋರಾ ಪಿಂಚಿನ್. ನಮಗೆಲ್ಲ ಡೋರಕ್ಕ. ಅಂಚೆಪೆಟ್ಟಿಗೆಯ ಬೀಗದಕೈ, ಹುಟ್ಟುಸಾವಿನ ದಫ್ತರ, ಮದುವೆಯ ಪರವಾನಗಿ ಮೂರೂ ಅವರ ಸುಪರ್ದಿ. ಮೂವತ್ತೊಂದು ವರ್ಷದಲ್ಲಿ ನಲವತ್ತು ಜೋಡಿಗಳಿಗೆ ಪರವಾನಗಿ ಬರೆದುಕೊಟ್ಟವರಿಗೆ, ಅರವತ್ತೆರಡಾದರೂ ಸ್ವಂತಕ್ಕೊಂದು ಇರಲಿಲ್ಲ. ಕೇಳಿದರೆ "ಪರವಾಗಿಲ್ಲ" ಎನ್ನುತ್ತಿದ್ದರು. ಪರವಾನಗಿ ಇಲ್ಲ ಎಂಬುದನ್ನು ಇಷ್ಟು ಚುಟುಕಾಗಿ ಹೇಳಿದವರನ್ನು ನಾನು ಕಂಡಿಲ್ಲ.

ಇನ್ನೂರ ಮೂವತ್ತು ಜನಕ್ಕೆ ನಮ್ಮಲ್ಲಿರುವುದು ಆರೇ ಮನೆತನದ ಹೆಸರು. ಹೀಗಾಗಿ ಅಡ್ಡಹೆಸರೇ ನಿಜವಾದ ಹೆಸರು; ಜ್ಞಾನಸ್ನಾನದ ಹೆಸರು ತಲೆಯ ನೀರು ಆರುವಷ್ಟರಲ್ಲಿ ಮರೆತುಹೋಗುತ್ತದೆ. ವಿಲ್ಫ್ರೆಡ್ ಹಾರ್ಲೆಗಳೇ ಮೂವರಿದ್ದಾರೆ. ಸಮುದ್ರ ಶಾಂತವಾದ ಬೆಳಿಗ್ಗೆ ದೋಣಿ ಇಳಿಸಿರೆಂದು ಗಂಟೆ ಬಾರಿಸುವವನು ಗಂಟೆ ವಿಲ್ಫ್. ತಾನು ಬೆಳೆದ ಒಂದೇ ಆಲೂಗಡ್ಡೆಯನ್ನು ಮೂರು ವರ್ಷ ಹೊಗಳಿಕೊಂಡವನು ಆಲೂ ವಿಲ್ಫ್. ಆರಡಿ ಮೂರಂಗುಲದವನು ಚಿಕ್ಕ ವಿಲ್ಫ್. ಅವನ ಅಪ್ಪ ಇನ್ನೂ ಉದ್ದವಿದ್ದ.

ಡೋರಕ್ಕನ ಕಚೇರಿಯಲ್ಲಿ ಮಾತ್ರ ಅಡ್ಡಹೆಸರು ಅಡ್ಡಗಾಲಾಗುತ್ತಿತ್ತು. ಅಡ್ಡಹೆಸರಿನ ಕಾಗದ ಕಾಗದವೇ ಅಲ್ಲ ಎಂಬುದು ಅವರು ಮಾಡಿದ ನಿಯಮ. ಶಾಲೆಯಲ್ಲಿ ಪಾಠ ಹೇಳುವ ನನ್ನ ಮದುವೆಯ ಅರ್ಜಿಯನ್ನೇ "ಮೇಷ್ಟ್ರು ಅನ್ನೋ ಹೆಸರಿನವರು ಈ ದಫ್ತರದಲ್ಲಿ ಹುಟ್ಟಿಲ್ಲ" ಎಂದು ಎರಡು ಸಲ ಹಿಂದಿರುಗಿಸಿದ್ದರು.

ಆ ನಿಯಮಕ್ಕೆ ಕಾರಣವಿತ್ತು. ಅವರ ತಂದೆ ತಾಯಿಯ ಪರವಾನಗಿಯಲ್ಲಿ ಆಗಿನ ರಿಜಿಸ್ಟ್ರಾರು "ಗಡ್ಡದ ಪೀಟರ್" ಎಂದು ಬರೆದಿದ್ದರು. ತಂದೆಯನ್ನು ಕೇಪ್ ಟೌನಿನ ಆಸ್ಪತ್ರೆಗೆ ಸಾಗಿಸುವ ದಿನ ಬಂತು. ಹಡಗಿನಲ್ಲಿ ರೋಗಿಯ ಜೊತೆ ಹೋಗಲು ಗಂಡನಿಗೆ ಅಥವಾ ಹೆಂಡತಿಗೆ ಮಾತ್ರ ಜಾಗ. ಪೀಟರ್ ಪಿಂಚಿನ್‌ನ ಹೆಂಡತಿ ಎಂಬುದಕ್ಕೆ ಕಾಗದ ಎಲ್ಲಿ ಎಂದರು ಹಡಗಿನವರು. ತಾಯಿ ದಡದಲ್ಲೇ ಉಳಿದರು. ತಂದೆ ಹಿಂದಿರುಗಲಿಲ್ಲ.

ಈ ವರ್ಷ ಅದೇ ಪ್ರಯಾಣ ಗಂಟೆ ವಿಲ್ಫ್‌ನ ಪಾಲಿಗೆ ಬಂತು. ಎದೆಯ ಶಸ್ತ್ರಚಿಕಿತ್ಸೆ ಆಗಬೇಕಿತ್ತು. ಹೆಂಗಸರು ಹೆಣೆದ ಕಾಲುಚೀಲದ ಪಟ್ಟೆ ಎಣಿಸಿದರೆ ನಮ್ಮಲ್ಲಿ ಅವರ ಮನಸ್ಸು ತಿಳಿಯುತ್ತದೆ; ಪಟ್ಟೆ ಹೆಚ್ಚಿದಷ್ಟೂ ಪ್ರೀತಿ ಹೆಚ್ಚು. ಹನ್ನೆರಡು ವರ್ಷ ಅವನಿಗೆ ಪಟ್ಟೆಯೇ ಇಲ್ಲದ ಬಿಳಿ ಕಾಲುಚೀಲ ಕೊಡುತ್ತಿದ್ದ ಡೋರಕ್ಕ, ವೈದ್ಯರ ಚೀಟಿ ಬಂದ ವಾರ ಐದು ಪಟ್ಟೆಯದು ಕೊಟ್ಟರು. ವಿಲ್ಫ್ ಅದನ್ನು ಉದ್ದ ಬೂಟಿನೊಳಗೆ ಹಾಕಿಕೊಂಡಿದ್ದರಿಂದ ಸುದ್ದಿ ಕಾಲಿನಿಂದ ಕಿವಿಗೆ ಏರಲಿಲ್ಲ.

ಹೀಗಾಗಿ, ವಿಲ್ಫ್ರೆಡ್ ಹಾರ್ಲೆ ಮತ್ತು ಡೋರಾ ಪಿಂಚಿನ್ ಮದುವೆಯಾಗಲಿದ್ದಾರೆ, ಆಕ್ಷೇಪವಿದ್ದವರು ಇಪ್ಪತ್ತೊಂದು ದಿನದೊಳಗೆ ತಿಳಿಸಿ ಎಂಬ ನೋಟೀಸು ಅಂಗಡಿಯ ಬಾಗಿಲಿಗೆ ಬಿದ್ದಾಗ ಮೊದಲು ಓದಿದವಳು ಮಾರ್ಥಾ. ಅವಳು ಆಲೂ ವಿಲ್ಫ್‌ನ ಹೆಂಡತಿ.

"ಡೋರಕ್ಕ, ನನ್ನ ಗಂಡ ನಿಮ್ಮನೆ ಸೂರು ಹೊದಿಸೋಕೆ ಬಂದ. ನೀವು ಅವನನ್ನೇ ಸೂರೆ ಮಾಡಿದ್ರಾ?"

"ಬಾಯಲ್ಲಿ ಹೇಳಿದ್ದು ಆಕ್ಷೇಪಣೆ ಆಗಲ್ಲ ಮಾರ್ಥಾ. ಬರೆದುಕೊಡು."

ಮಾರ್ಥಾ ಬರೆದಳು. ಡೋರಕ್ಕ ಓದದೆ ಮಡಚಿ, ಲಕೋಟೆಗೆ ಹಾಕಿ, ನಂಬರು ಒತ್ತಿದರು. "ಇದು ನನ್ನ ವಿಷಯ, ನಾನು ಓದಬಾರದು. ಇಪ್ಪತ್ತೊಂದನೇ ದಿನ ಮೇಷ್ಟ್ರು ಒಡೀತಾರೆ." ಉಪ ರಿಜಿಸ್ಟ್ರಾರ್ ನಾನೇ. ಅಕ್ಷತೆ ಬೀಳುವ ಮೊದಲೇ ಆಕ್ಷೇಪ ಬಿದ್ದಿತ್ತು.

ಅಷ್ಟರಲ್ಲಿ ಆಲೂ ವಿಲ್ಫ್ ಮಣ್ಣು ಮೆತ್ತಿದ ಕೈಯಲ್ಲೇ ಓಡಿಬಂದ. "ಏ ಇವಳೇ, ನಂಗೆ ನಿನ್ನೊಬ್ಬಳನ್ನೇ ಸಂಭಾಳಿಸೋಕೆ ಆಗ್ತಿಲ್ಲ. ಅದು ಗಂಟೆ ವಿಲ್ಫ್ ಕಣೇ."

ಮಾರ್ಥಾಳ ಮುಖ ಬೇಯಿಸಿದ ಏಡಿಯ ಬಣ್ಣಕ್ಕೆ ತಿರುಗಿತು. "ವಾಪಸ್ ಕೊಡಿ ಅಕ್ಕ."

"ನಂಬರು ಬಿದ್ದಾಯ್ತು."

ನಂಬರು ಬಿದ್ದ ಆಕ್ಷೇಪವನ್ನು ಹೊಡೆದುಹಾಕಬಲ್ಲವರು ಆಡಳಿತಾಧಿಕಾರಿ ಒಬ್ಬರೇ. ಅವರು ರಜೆಯ ಮೇಲೆ ಊರಿಗೆ ಹೋಗಿದ್ದರು. ವಿಲ್ಫ್‌ನನ್ನು ಒಯ್ಯುವ ಹಡಗು ಹೊರಡುವುದು ಇಪ್ಪತ್ತೆರಡನೇ ದಿನ. ಮುಂದಿನದು ಎರಡು ತಿಂಗಳ ನಂತರ.

ಗಂಟೆ ವಿಲ್ಫ್ ನನ್ನೆದುರೇ ಕೇಳಿದ. "ಡೋರಾ, ಆ ಲಕೋಟೆ ಒಲೆಗೆ ಬಿದ್ರೆ ಯಾರಿಗೆ ಗೊತ್ತಾಗುತ್ತೆ?"

"ನಂಗೆ ಗೊತ್ತಾಗುತ್ತೆ. ಆ ಆಸ್ಪತ್ರೆ ಬಾಗಿಲಲ್ಲಿ ನಾನು ಕಳ್ಳ ಕಾಗದ ಹಿಡ್ಕೊಂಡು ನಿಲ್ಲಲ್ಲ."

"ಒಳ್ಳೇ ಕಾಗದ ಸಿಗದಿದ್ರೆ?"

"ಸಿಗುತ್ತೆ. ನೀನು ಪೆಟ್ಟಿಗೆ ಕಟ್ಟು."

ಇಪ್ಪತ್ತೊಂದನೇ ದಿನ ಕಚೇರಿ ಹಿಡಿಸದಷ್ಟು ಜನ. ಡೋರಕ್ಕ ತಮ್ಮ ಕುರ್ಚಿ ನನಗೆ ಬಿಟ್ಟು ಅರ್ಜಿದಾರರ ಬೆಂಚಿನಲ್ಲಿ ಹೆಣಿಗೆ ಹಿಡಿದು ಕೂತಿದ್ದರು. ಲಕೋಟೆ ಒಡೆದು ಗಟ್ಟಿಯಾಗಿ ಓದಿದೆ: "ನನ್ನ ಗಂಡ ಆಲೂ ವಿಲ್ಫ್‌ಗೆ ಈಗಾಗಲೇ ಮದುವೆಯಾಗಿದೆ. ಆಗಿರುವುದು ನನ್ನ ಜೊತೆಗೇ."

ಇನ್ನೊಮ್ಮೆ ಓದಿಕೊಂಡೆ. ಆಮೇಲೆ ದಫ್ತರ ತೆರೆದು, ಮೊದಲ ಪುಟದಿಂದ ಕೊನೆಯವರೆಗೆ ಬೆರಳಾಡಿಸಿದೆ.

"ಆಲೂ ವಿಲ್ಫ್ ಅನ್ನೋ ಹೆಸರಿನವರು ಈ ದಫ್ತರದಲ್ಲಿ ಹುಟ್ಟಿಲ್ಲ," ಎಂದೆ.

"ಹುಟ್ಟದೇ ಇರೋನ ಜೊತೆ ಇಪ್ಪತ್ತಾರು ವರ್ಷ ಸಂಸಾರ ಮಾಡಿದ್ನಾ?" ಎಂದಳು ಮಾರ್ಥಾ.

"ಹುಟ್ಟದೇ ಇರೋನು ನಾಳೆ ಆಲೂ ಅಗೆಯೋಕೂ ಹೋಗ್ಬೇಕಿಲ್ಲ, ಅಲ್ವಾ ಮೇಷ್ಟ್ರೇ?" ಎಂದ ಅವಳ ಗಂಡ.

ಡೋರಕ್ಕನ ಕಡ್ಡಿಗಳು ನಿಂತವು. "ನಿಯಮ ಏನು ಹೇಳುತ್ತೆ?"

"ಅಡ್ಡಹೆಸರಿನ ಕಾಗದ ಕಾಗದವೇ ಅಲ್ಲ."

"ಯಾರು ಮಾಡಿದ್ದು?"

"ನೀವೇ."

"ಹಾಗಾದ್ರೆ ಸರಿಯಾಗೇ ಇರುತ್ತೆ," ಎಂದು ಅವರು ಮುಂದಿನ ಸಾಲು ಹೆಣೆಯತೊಡಗಿದರು.

ಮರುದಿನ ಸಮುದ್ರ ಕನ್ನಡಿಯಂತಿತ್ತು. ಗಂಟೆಯನ್ನು ಮದುಮಗನೇ ಬಾರಿಸಿದ, ವೈದ್ಯರಿಂದ ಬೈಸಿಕೊಂಡ. ಪಾದ್ರಿಗಳು ಚರ್ಚಿನ ಮೆಟ್ಟಿಲ ಮೇಲೆ ಕಾಯುತ್ತಿದ್ದರು, ದೋಣಿ ದಡದಲ್ಲಿ ಕಾಯುತ್ತಿತ್ತು, ದೂರದಲ್ಲಿ ಹಡಗು ಒಮ್ಮೆ ಕೂಗಿತು. ನಾನು ಅವಸರವಸರವಾಗಿ ಪರವಾನಗಿ ಬರೆದು, ಸಹಿ ಹಾಕಿ, ಇನ್ನು ಸಿಹಿ ಹಂಚಬಹುದೆಂದು ಡೋರಕ್ಕನ ಕೈಗಿಟ್ಟೆ.

ಅವರು ಕನ್ನಡಕ ಏರಿಸಿದರು. "ಮೇಷ್ಟ್ರೇ, ವರನ ಹೆಸರು ಓದಿ."

ಓದಿದೆ. ನನ್ನದೇ ಅಕ್ಷರದಲ್ಲಿ ದುಂಡಗೆ ಬರೆದಿತ್ತು: ಗಂಟೆ ವಿಲ್ಫ್.

ಹಡಗು ಎರಡನೇ ಸಲ ಕೂಗಿತು. "ಹಡಗು ಹೊರಡುತ್ತೆ ಡೋರಕ್ಕ, ಇದೊಂದು ಸಲ…" ಎಂದೆ.

"ಇನ್ನೊಂದು ಬರೀರಿ. ಹಡಗು ಕಾಯಲಿ. ಅಮ್ಮ ಕಾಯಲಿಲ್ವಾ?"

ಬರೆದೆ. ಅವರು ಪ್ರತಿ ಅಕ್ಷರವನ್ನೂ ದಫ್ತರದೊಂದಿಗೆ ತಾಳೆ ನೋಡಿ, ಒದ್ದೆ ಶಾಯಿಯನ್ನು ಒತ್ತಿ ಒಣಗಿಸಿ, ಮೇಣಬಟ್ಟೆಯಲ್ಲಿ ಸುತ್ತಿ, ರವಿಕೆಯೊಳಗೆ ಇಟ್ಟುಕೊಂಡು ಚರ್ಚಿನ ಕಡೆ ನಡೆದರು. ಓಡಲಿಲ್ಲ.