ಹದ ತಪ್ಪಿದ ಮೂರು ಚಾಕು

ಬೆಟಗೇರಿಯ ಮುರ್ತುಜಾ ಹೊಲಿಗೆ ಯಂತ್ರ ರಿಪೇರಿ ಮಾಡುವವನು. ಮೊಪೆಡ್ಡಿನ ಮುಂದೆ ಸಾಮಾನಿನ ಚೀಲ ಇಟ್ಟುಕೊಂಡು ಸೋಮವಾರ ಶಿರಹಟ್ಟಿ, ಬುಧವಾರ ಲಕ್ಷ್ಮೇಶ್ವರ, ಶನಿವಾರ ಮುಂಡರಗಿ ಎಂದು ಇಪ್ಪತ್ತಾರು ವರ್ಷಗಳಿಂದ ತಿರುಗುತ್ತಿದ್ದಾನೆ. ಶುಕ್ರವಾರ ಮಾತ್ರ ಯಾರು ಕರೆದರೂ ಹೋಗುತ್ತಿರಲಿಲ್ಲ. ನಮಾಜು ಮುಗಿಸಿ ಬಂದವನೇ ಹಿತ್ತಲಿಗೆ ನಡೆದು, ಲಾರಿಯ ಹಳೇ ಬ್ರೇಕ್ ಡ್ರಮ್ಮಿನಲ್ಲಿ ಇದ್ದಿಲು ತುಂಬಿ ಬೆಂಕಿ ಹಾಕುತ್ತಿದ್ದ. ಗುಜರಿಯಿಂದ ತಂದ ಲಾರಿಯ ಸ್ಪ್ರಿಂಗ್ ಪಟ್ಟಿ ಕಾಯಿಸಿ, ಬಡಿದು, ಉಜ್ಜಿ ಚಾಕು ಮಾಡುವುದು ಅವನ ಎಂಟು ವರ್ಷದ ಹುಚ್ಚು. ಒಂದನ್ನೂ ಮಾರಿದವನಲ್ಲ. ಯಾರ ಮನೆಯಲ್ಲಿ ಊಟ ಮಾಡಿದ್ದನೋ ಅವರಿಗೆ ಕೊಡುತ್ತಿದ್ದ. ಕೊಟ್ಟು, ಅವರ ಮುಂದೆಯೇ ಒಂದು ಟೊಮ್ಯಾಟೊ ತೆಳ್ಳಗೆ ಕೊಯ್ದು ತೋರಿಸುತ್ತಿದ್ದ.

ಬಿಂಕದಕಟ್ಟಿಯ ಲಕ್ಕಪ್ಪನಿಗೆ ಪೆಟ್ಟಾದ ಸುದ್ದಿ ಬಂದದ್ದು ಸೋಮವಾರ ಮಧ್ಯಾಹ್ನ, ಮುರ್ತುಜಾ ಶಿರಹಟ್ಟಿಯಲ್ಲಿ ಒಂದು ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದಾಗ. ಲಕ್ಕಪ್ಪ ಕಾಯಿಪಲ್ಲೆ ಬೆಳೆಯುವ ರೈತ, ಮುರ್ತುಜಾನ ಹಳೆಯ ಗೆಳೆಯ. ಕುಂಬಳಕಾಯಿ ಹೆಚ್ಚುವಾಗ ಚಾಕು ನಡುವೆಯೇ ಸಿಕ್ಕಿಕೊಂಡಿದೆ. ಲಕ್ಕಪ್ಪ ಒಳಕಲ್ಲಿನ ಗುಂಡು ತಂದು ಚಾಕುವಿನ ಬೆನ್ನಿಗೆ ಹೊಡೆದಿದ್ದಾನೆ. ಅಲಗು ಮುರಿದು, ಚೂರೊಂದು ಸಿಡಿದು ಎಡಗಣ್ಣಿಗೆ ಬಡಿದಿದೆ. ಚಾಕು ಮುರ್ತುಜಾ ಕೊಟ್ಟದ್ದು.

ಅವನು ಬಿಂಕದಕಟ್ಟಿ ಮುಟ್ಟುವಷ್ಟರಲ್ಲಿ ಲಕ್ಕಪ್ಪನನ್ನು ಹುಬ್ಬಳ್ಳಿಗೆ ಒಯ್ದಿದ್ದರು. ಅಡುಗೆಮನೆಯಲ್ಲಿ ಅರ್ಧ ಸೀಳಿದ ಕುಂಬಳಕಾಯಿ ಹಾಗೇ ಬಿದ್ದಿತ್ತು. ಮುರಿದ ತುಂಡನ್ನು ಮುರ್ತುಜಾ ಯಾರಿಗೂ ಕಾಣದಂತೆ ಕಿಸೆಗೆ ಹಾಕಿಕೊಂಡ. ಮನೆಗೆ ಬಂದು ಅದರ ಮೇಲೆ ಕಬ್ಬಿಣ ಉಜ್ಜುವ ಅರ ಎಳೆದು ನೋಡಿದ. ಹದಕ್ಕೆ ಬಂದ ಉಕ್ಕಾದರೆ ಅರ ಒಂದಿಷ್ಟಾದರೂ ಕಚ್ಚಬೇಕು. ಇಲ್ಲಿ ಗಾಜಿನ ಮೇಲೆ ಜಾರಿದಂತೆ ಜಾರಿತು.

ಆ ಚಾಕು ಮಾಡಿದ ಶುಕ್ರವಾರ ಅವನಿಗೆ ನೆನಪಾಯಿತು. ಕೆಂಪಗೆ ಕಾಯಿಸಿದ ಅಲಗನ್ನು ಎಣ್ಣೆಯಲ್ಲಿ ಅದ್ದಿದರೆ ಅದು ಗಾಜಿನಷ್ಟು ಗಡುಸಾಗುತ್ತದೆ, ಗಾಜಿನ ಹಾಗೆ ಒಡೆಯಲೂ ಬಲ್ಲದು. ಅದಕ್ಕೇ ಮತ್ತೆ ಎರಡು ತಾಸು ಮಂದ ಕಾವಿನಲ್ಲಿ ಇಟ್ಟು ಹದ ಮಾಡಬೇಕು. ಬೇಕರಿಯವರು ಎಸೆದ ಹಳೆಯ ವಿದ್ಯುತ್ ಒಲೆಯಲ್ಲಿ ಅವನು ಆ ದಿನ ಮೂರು ಅಲಗು ಇಟ್ಟಿದ್ದ. ಇಪ್ಪತ್ತು ನಿಮಿಷಕ್ಕೆ ಕರೆಂಟು ಹೋಯಿತು. ಮರುದಿನ ಲಕ್ಕಪ್ಪನ ಹೊಸ ಮನೆಯ ಪೂಜೆ, ಬರಿಗೈಲಿ ಹೋಗಲು ಮನಸ್ಸಿರಲಿಲ್ಲ. ಇಷ್ಟು ಸಾಕು ಅಂದುಕೊಂಡ. ಸಾಲದು ಎಂದು ಗೊತ್ತಿದ್ದೂ ಅಂದುಕೊಂಡ.

ಲಕ್ಕಪ್ಪನ ಕಣ್ಣು ಉಳಿಯಲಿಲ್ಲ. ಅವನು ಮನೆಗೆ ಬಂದ ಮೇಲೆ ಮುರ್ತುಜಾ ವಾರಕ್ಕೆರಡು ಸಲ ಹೋಗಿ ಕೂರುತ್ತಿದ್ದ. ನೋಡಲು ಬಂದವರೆಲ್ಲ ಒಂದೇ ಮಾತು ಆಡುತ್ತಿದ್ದರು: “ಕಲ್ಲಿಲೆ ಹೊಡದ್ರ ಯಾವ ಚಾಕು ತಡದೀತು? ಅಷ್ಟೂ ತಿಳೀಲಿಲ್ಲೇನು?” ಲಕ್ಕಪ್ಪ ತಲೆ ತಗ್ಗಿಸುತ್ತಿದ್ದ. ಮುರ್ತುಜಾ ಚಹಾದ ಕಪ್ಪು ನೋಡುತ್ತಿದ್ದ. ಹೀಗೆ ಎರಡು ತಿಂಗಳು ಕಳೆದವು.

ಮನೆಯಲ್ಲಿ ಮುರ್ತುಜಾನಿಗೆ ಊಟ ಸೇರುತ್ತಿರಲಿಲ್ಲ. ಹೆಂಡತಿ ಅಮೀರಾ ಮೊದಮೊದಲು ಗೆಳೆಯನ ಚಿಂತೆ ಎಂದುಕೊಂಡಳು. ಒಂದು ಶುಕ್ರವಾರ ಅವನು ಬೆಂಕಿಯನ್ನೇ ಹಾಕದೆ ಹಿತ್ತಲಲ್ಲಿ ಸುಮ್ಮನೆ ಕುಳಿತದ್ದು ಕಂಡು ಪಕ್ಕ ಬಂದು ಕುಳಿತಳು. ಅವನು ಎಲ್ಲ ಹೇಳಿದ. ಅವಳು ಸಮಾಧಾನದ ಮಾತೇನೂ ಆಡಲಿಲ್ಲ.

“ಮೂರು ಅಂದ್ರಲ್ಲ,” ಅಂದಳು. “ಉಳದ ಎರಡು ಎಲ್ಲಿ ಅದಾವು?”

ಎರಡು ತಿಂಗಳಲ್ಲಿ ಆ ಪ್ರಶ್ನೆ ತನಗೆ ಹೊಳೆದೇ ಇರಲಿಲ್ಲ ಎಂಬುದು ಅವನಿಗೆ ಆಗ ತಿಳಿಯಿತು. ತನ್ನ ತಪ್ಪಿನ ಸುತ್ತಲೇ ತಿರುಗುತ್ತಿದ್ದವನು, ಅದು ಇನ್ನೆರಡು ಮನೆಗಳಲ್ಲಿ ಇದೆ ಎಂದು ಯೋಚಿಸಿರಲಿಲ್ಲ. ಆಗಲೇ ಮೊಪೆಡ್ ಹೊರತೆಗೆದ.

ಒಂದು ಲಕ್ಷ್ಮೇಶ್ವರದಲ್ಲಿ ಅಕ್ಕ ದಿಲಶಾದಬಿಯ ಮನೆಯಲ್ಲಿತ್ತು.

“ಕೊಟ್ಟದ್ದು ವಾಪಸ್ ಕೇಳಾಕ ಬಂದಿಯೇನು?” ಅಕ್ಕ ನಕ್ಕಳು. ಅವನು ಕಾರಣ ಹೇಳಿದ ಮೇಲೆ ನಗು ನಿಂತಿತು. ಚಾಕುವನ್ನು ಹಳೆಯ ಪೇಪರಿನಲ್ಲಿ ಸುತ್ತಿ ಕೈಗಿಟ್ಟು, “ಲಕ್ಕಪ್ಪಗ ಹೇಳಿಯೇನು?” ಎಂದು ಕೇಳಿದಳು.

“ಇಲ್ಲ.”

“ಮತ್ತ ನನಗ ಯಾಕ ಮೊದಲ ಹೇಳಿದಿ?”

ಅವನು ಪೇಪರಿನ ಪೊಟ್ಟಣವನ್ನು ಚೀಲದ ತಳಕ್ಕೆ ಇಳಿಸಿದ.

ಇನ್ನೊಂದು ಮುಂಡರಗಿಯ ಟೇಲರ್ ಕೊಟ್ರಪ್ಪನ ಹತ್ತಿರ. ಮರುದಿನ ಹೋದಾಗ ಕೊಟ್ರಪ್ಪ ಕೊಡಲು ಒಪ್ಪಲಿಲ್ಲ. “ಇಂಥಾ ಚಾಕು ನಮ್ಮ ಮನ್ಯಾಗ ಇನ್ನೊಂದಿಲ್ಲ. ಇಷ್ಟು ದಿನ ಏನೂ ಆಗಿಲ್ಲ. ಬ್ಯಾರೆ ಯಾರಿಗರ ಕೊಡಬೇಕಂತ ಇದನ್ನ ಒಯ್ಯಾಕತ್ತೀಯೇನು?”

ಮುರ್ತುಜಾ ವಾದ ಮಾಡಲಿಲ್ಲ. ಸುತ್ತಿಗೆ ಕೇಳಿದ. ಅಂಗಡಿಯ ಕಟ್ಟೆಯ ಮೇಲೆ ಚಾಕುವನ್ನು ಗೋಣಿಚೀಲದಲ್ಲಿ ಸುತ್ತಿ, ಚೂರು ಸಿಡಿಯದಂತೆ ಎರಡು ಮಡಿಕೆ ಮಾಡಿ, ಒಂದೇ ಒಂದು ಪೆಟ್ಟು ಹಾಕಿದ. ಅದೂ ಜೋರಾಗಿ ಅಲ್ಲ. ಬಿಚ್ಚಿ ತೋರಿಸಿದಾಗ ಅಲಗು ಮೂರು ತುಂಡಾಗಿತ್ತು. ಕೊಟ್ರಪ್ಪ ಒಂದು ತುಂಡು ಎತ್ತಿ ಹೊರಳಿಸಿ ನೋಡಿದ.

“ನನ್ನ ಮೊಮ್ಮಗಳು ಇದರಿಂದನ ಪ್ಯಾರಲಹಣ್ಣು ಕೊಯ್ಕೊಂಡು ತಿಂತಾಳ,” ಅಂದ ಕೊನೆಗೆ.

ಅಲ್ಲಿಂದ ಮುರ್ತುಜಾ ಮನೆಗೆ ಹೋಗಲಿಲ್ಲ, ನೇರ ಬಿಂಕದಕಟ್ಟಿಗೆ ಹೋದ. ಲಕ್ಕಪ್ಪ ಕಟ್ಟೆಯ ಮೇಲೆ ಬದನೆಕಾಯಿ ಆರಿಸುತ್ತಿದ್ದ. ಹೆಂಡತಿ ಹುಚ್ಚವ್ವ ಎಂದಿನಂತೆ ಚಹಾ ತಂದಿಟ್ಟಳು. ಅವನು ಚಹಾ ಮುಟ್ಟಲಿಲ್ಲ. ಕರೆಂಟು ಹೋದದ್ದು, ಅರ ಜಾರಿದ್ದು, ಕೊಟ್ರಪ್ಪನ ಅಂಗಡಿಯಲ್ಲಿ ಆದದ್ದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ.

“ಕಲ್ಲಿಲೆ ಹೊಡದಾಂವ ನಾನ,” ಅಂದ ಲಕ್ಕಪ್ಪ.

“ಹೊಡದ್ರೂ ಮುರೀಬಾರದಿತ್ತು. ಡೊಂಕಾಗಬೇಕಿತ್ತು, ಅಷ್ಟ.”

ಲಕ್ಕಪ್ಪ ಕೈಯಲ್ಲಿದ್ದ ಬದನೆಕಾಯಿಯನ್ನು ಬುಟ್ಟಿಗೆ ಹಾಕಿದ, ಇನ್ನೊಂದು ಎತ್ತಿಕೊಂಡ. ಮಾತಾಡಿದ್ದು ಹುಚ್ಚವ್ವ.

“ಊರ ಮಂದಿ ಇವರನ್ನ ದಡ್ಡ ಅಂದ್ರು. ಅವರದು ಬಿಡ್ರಿ, ನಾನೂ ಅಂದೆ. ಹೊತ್ತಿಗೊಂದು ಸಲ ಅಂದೆ. ನೀವು ಇಲ್ಲೇ ಕುಂತು ಕೇಳಿದ್ರಿ.” ಅವಳ ದನಿ ಏರಿರಲಿಲ್ಲ. “ಕಣ್ಣು ಹೋಗಿದ್ದು ಒಂದು ಕಡೆ ಇರ್ಲಿ. ಇದನ್ನ ಹೆಂಗ ಮರೀಲಿ?”

ಮುರ್ತುಜಾ ಎದ್ದು ನಿಂತ. ಲಕ್ಕಪ್ಪ ತಲೆ ಎತ್ತದೆಯೇ, “ಇವತ್ತು ಹೋಗು,” ಅಂದ. “ಬಾ ಅಂದಾಗ ಬಾ.”

ಬಾ ಎಂಬ ಮಾತು ಬರಲೇ ಇಲ್ಲ. ಮಳೆಗಾಲ ಮುಗಿಯಿತು. ಮುರ್ತುಜಾ ಫೋನು ಕೈಗೆತ್ತಿಕೊಂಡು ಇಡುತ್ತಿದ್ದ. ಹಿಂದೆ ಕೊಟ್ಟ ಚಾಕುಗಳೆಲ್ಲ ಯಾರ್ಯಾರ ಮನೆಯಲ್ಲಿವೆ ಎಂದು ನೆನೆಸಿಕೊಂಡು, ಒಂದೊಂದೇ ಊರಿಗೆ ಹೋದಾಗ ಕೇಳಿ ತೆಗೆಸಿ, ಅರ ಎಳೆದು ನೋಡಿದ. ಅವೆಲ್ಲ ಸರಿಯಾಗಿದ್ದವು. ಅದರಿಂದಲೂ ಅವನಿಗೆ ನೆಮ್ಮದಿ ಆಗಲಿಲ್ಲ. ಶುಕ್ರವಾರಗಳಲ್ಲಿ ಈಗ ಅವನು ರಿಪೇರಿಗೆ ಹೋಗುತ್ತಾನೆ. ಹಿತ್ತಲಿನ ಡ್ರಮ್ಮಿನಲ್ಲಿ ಮಳೆನೀರು ನಿಂತು ತುಕ್ಕು ಹಿಡಿದಿದೆ. ಎತ್ತಿ ಎಸೆಯಲೇ ಎಂದು ಅಮೀರಾ ಒಮ್ಮೆ ಕೇಳಿದಳು. ಅವನು ಸಾಮಾನಿನ ಚೀಲ ಎತ್ತಿಕೊಂಡು ಮೊಪೆಡ್ಡಿನ ಕಡೆ ನಡೆದ.

ಕಳೆದ ತಿಂಗಳು ಗದಗಿನ ಮಾರ್ಕೆಟ್ಟಿನಲ್ಲಿ ಲಕ್ಕಪ್ಪ ಕಂಡ. ಖಾಲಿ ಬುಟ್ಟಿ ಹೆಗಲಿಗೇರಿಸಿ ಹೊರಟಿದ್ದ. ಮುರ್ತುಜಾ ಅವನ ಎಡಕ್ಕಿದ್ದ, ಕಾಣಿಸುವಂತಿರಲಿಲ್ಲ. ಹಾಗೇ ಜಾರಿಕೊಂಡು ಹೋಗಬಹುದಿತ್ತು. ಅವನು ಬಳಸಿಕೊಂಡು ಬಲಕ್ಕೆ ಬಂದು ನಿಂತ.

ಲಕ್ಕಪ್ಪ ನೋಡಿದ. “ಬಸ್ಸಿಗೆ ಹೊತ್ತಾತು,” ಅಂದು ಮುಂದೆ ನಡೆದ.

ರಸ್ತೆಯ ತುಂಬ ಆಟೋಗಳು. ಎಡಗಡೆಯಿಂದ ಬರುವ ಗಾಡಿಗೆ ಲಕ್ಕಪ್ಪ ತಡವಾಗಿ ಬೆಚ್ಚುತ್ತಿದ್ದ. ಮುರ್ತುಜಾ ಮತ್ತೆ ಅವನ ಎಡಕ್ಕೆ ಸರಿದು ಜೊತೆಗೆ ಹೆಜ್ಜೆ ಹಾಕಿದ. ಬಸ್ ನಿಲ್ದಾಣದವರೆಗೂ ಇಬ್ಬರೂ ಹಾಗೇ ನಡೆದರು. ಬರಬೇಡ ಎಂದು ಲಕ್ಕಪ್ಪ ಅನ್ನಲಿಲ್ಲ.