ಬೇಚರಾಕ್ ಊರಿನ ಪಾಠ

ಮಲೇಷ್ಯಾದ ನಿಲಾಯ್ ಊರಿನ ಖಾಸಗಿ ವಿಶ್ವವಿದ್ಯಾಲಯವೊಂದರಲ್ಲಿ ಅಮೆರಿಕದ ಚರಿತ್ರೆ ಕಲಿಸುತ್ತಿದ್ದ ನಝೀರ್ ಅವರು ವಿಜಯಪುರದ ಕಡೆಯವರು. ಡಕೋಟಾ ಬಯಲಿನಲ್ಲಿ ಮೊದಲ ಊರುಗಳು ಹುಟ್ಟಿದ ಬಗೆ ಅವರ ಅಚ್ಚುಮೆಚ್ಚಿನ ಪಾಠ. ಅದನ್ನು ಹೇಳಲು ನಿಂತರೆ ತರಗತಿಯಲ್ಲಿ ಬಂಡಿಗಳ ಧೂಳು ಎದ್ದಂತಾಗುತ್ತಿತ್ತು.

ಮಹಾಮಾರಿ ಬಂದ ಮೇಲೆ ವಿದ್ಯಾರ್ಥಿಗಳೆಲ್ಲ ತಂತಮ್ಮ ಊರು ಸೇರಿದರು. ನಝೀರ್ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕಪ್ಪು ಚೌಕಗಳಿಗೆ ಪಾಠ ಹೇಳತೊಡಗಿದರು. ಯಾರ ಮುಖವೂ ಕಾಣದು, ಯಾರ ದನಿಯೂ ಕೇಳದು. ಹುಡುಗರಿಗೆ ಈ ವಿಷಯ ಬೇಡವಾದಂತಿದೆ ಎಂದು ವಿಭಾಗದ ಮುಖ್ಯಸ್ಥೆಗೆ ಅನುಮಾನ ಬಂತು. ತಾವೇ ಒಂದು ತರಗತಿಯನ್ನು ಕೇಳಿ, ವಿಷಯವನ್ನು ಉಳಿಸುವುದೋ ಮುಚ್ಚುವುದೋ ತೀರ್ಮಾನಿಸುವುದಾಗಿ ತಿಳಿಸಿದರು. ಮುಚ್ಚಿದರೆ ನಝೀರ್ ಅವರ ಕೆಲಸವೂ ಹೋದಂತೆಯೇ.

ಆ ಬೆಳಗ್ಗೆ ಹೆಂಡತಿ ಶಾಹಿದಾ ಚಹಾ ತಂದಿಟ್ಟು ಕೆಣಕಿದರು: "ಕೋಟು ಬ್ಯಾರೆ! ನಮ್ಮ ಲಗ್ನಕ್ಕೂ ಇಷ್ಟು ಸಜ್ಜಾಗಿರಲಿಲ್ಲ ಬಿಡ್ರಿ ನೀವು."

"ನಗಬ್ಯಾಡ, ಸುಮ್ಕಿರು. ಇವತ್ತ ಮುಖ್ಯಸ್ಥರು ಪಾಠ ಕೇಳಾಕ ಬರ್ತಾರ."

ಪಾಠ ಶುರುವಾಯಿತು. ಅಲ್ಲಿನ ಮೂಲನಿವಾಸಿಗಳಾದ ಲಕೋಟಾ ಜನ ಕಾಡೆಮ್ಮೆಗಳ ಹಿಂದೆ ತಿರುಗಾಡುತ್ತಿದ್ದ ನೆಲವನ್ನು ಕಿತ್ತುಕೊಂಡು ವಲಸೆಗಾರರು ಅಲ್ಲೊಂದು ಊರು ಕಟ್ಟಿದರು. ರೈಲು ತಮ್ಮಲ್ಲಿಗೆ ಬಂದೇ ಬರುವುದೆಂದು ನಂಬಿ ಶಾಲೆ, ಹೋಟೆಲು ಎಬ್ಬಿಸಿದರು. ರೈಲು ಮಾತ್ರ ಹರದಾರಿ ಆಚೆ ಹಾದುಹೋಯಿತು. ಆಗ ಜನ ಮರದ ಮನೆಗಳನ್ನೇ ದಿಮ್ಮಿಗಳ ಮೇಲೇರಿಸಿ, ಎತ್ತು ಹೂಡಿ, ನಿಲ್ದಾಣದ ಬಳಿಗೆ ಎಳೆದೊಯ್ದರು.

"ಆಮೇಲೆ ಆ ಹಳೆಯ ಊರು ಏನಾಗಿರಬಹುದು?" ಎಂದು ನಝೀರ್ ಕೇಳಿದರು.

ಮತ್ತೆ ಕೇಳಿದರು. ಮುಖ್ಯಸ್ಥೆಯ ಚೌಕದತ್ತ ಕಣ್ಣು ಹಾಯಿಸಿದರು.

ನಝೀರ್ ಅವರ ತಂದೆ ಊರಿನಲ್ಲಿ ಹಳ್ಳಿಯ ಕಂದಾಯದ ಲೆಕ್ಕ ನೋಡುವ ತಲಾಠಿಯಾಗಿದ್ದವರು. ಜನವಿಲ್ಲದೆ ಹಾಳುಬಿದ್ದ ಹಳ್ಳಿಯನ್ನು ಕಂದಾಯದವರು ಕರೆಯುವ ಹೆಸರು ಮಗನ ಬಾಯಿಂದ ನಿಟ್ಟುಸಿರಿನೊಡನೆ ಜೋರಾಗಿಯೇ ಹೊರಬಿತ್ತು: "ಬೇಚರಾಕ್!"

ತಟ್ಟನೆ ಒಂದು ಚೌಕದಲ್ಲಿ ಮುಖ ಮೂಡಿತು. ನೂರುಲ್ ಎಂಬ ಮಲಯ ಹುಡುಗಿ ತಲೆವಸ್ತ್ರ ಸರಿಪಡಿಸಿಕೊಳ್ಳುತ್ತ, ಅಲ್ಲಿನವರು ಮಾತಿನ ಕೊನೆಗೆ ಅಂಟಿಸುವ 'ಲಾ' ಸಮೇತ, "ಸಾರಿ ಸರ್, ಸಿಟ್ಟಾಗ್ಬೇಡಿ ಲಾ. ಮಾತಾಡ್ತೀನಿ," ಎಂದಳು.

"ಸಿಟ್ಟಾದದ್ದು ಯಾರು?"

"ನೀವೇ 'ಬಿಚಾರ' ಅಂತ ಕೂಗಿದ್ರಲ್ಲ!"

ಮಲಯದಲ್ಲಿ 'ಬಿಚಾರ' ಎಂದರೆ ಮಾತಾಡು ಎಂದರ್ಥ. ತಿದ್ದಲು ಬಾಯಿ ತೆರೆದ ನಝೀರ್ ಹಾಗೆಯೇ ಸಾವರಿಸಿಕೊಂಡರು. "ಹೌದಮ್ಮ, ಬಿಚಾರ."

ಪೆರಾಕ್ ಸೀಮೆಯಲ್ಲಿ ತನ್ನ ಅಜ್ಜನದೂ ಅಂಥದೇ ಊರು ಎಂದಳು ನೂರುಲ್. ನೆಲದ ತವರ ಮುಗಿದ ಮೇಲೆ ಗಣಿಯ ಜನ ಗಂಟುಮೂಟೆ ಕಟ್ಟಿದರು. ಅಜ್ಜನ ಕ್ಷೌರದಂಗಡಿ ಮಾತ್ರ ಈಗಲೂ ಬಾಗಿಲು ತೆರೆಯುತ್ತದೆ. "ಯಾರೂ ಇಲ್ಲದ ಊರಲ್ಲಿ ಯಾರ ಕೂದಲು ಕತ್ತರಿಸ್ತೀಯ ಅಂದ್ರೆ, ನಂದೇ ಅಂತಾರೆ ಸರ್!"

ಎಲ್ಲಿಂದಲೋ ನಗು ಕೇಳಿಸಿತು. ತಮಿಳು ಹುಡುಗನೊಬ್ಬ ತಮ್ಮವರು ಬಿಟ್ಟುಬಂದ ರಬ್ಬರ್ ತೋಟದ ಸಾಲುಮನೆಗಳ ಮಾತು ತೆಗೆದ. ಇನ್ನೊಬ್ಬಳು, "ಆ ಲಕೋಟಾ ಜನ ಎಲ್ಲಿಗೆ ಹೋದ್ರು ಸರ್? ಅದನ್ನ ಹೇಳಲೇ ಇಲ್ಲ," ಎಂದು ಆಕ್ಷೇಪಿಸಿದಳು.

ಕೊನೆಗೆ ಮುಖ್ಯಸ್ಥೆಯ ದನಿ ಬಂತು: "ನಝೀರ್, ಈ ವಿಷಯ ಮುಂದಿನ ಅವಧಿಗೂ ಇರಲಿ. ಪೆರಾಕ್‌ನ ತವರದ ಊರುಗಳನ್ನೂ ಸೇರಿಸಿಕೊಳ್ಳಿ."

ತರಗತಿಯ ಹೊತ್ತು ಮುಗಿದರೂ ಯಾರೂ ಕದಲಲಿಲ್ಲ. ಊಟಕ್ಕೆ ಮೇಜು ಬಿಡಿರೆಂದು ಶಾಹಿದಾ ತಟ್ಟೆ ಹಿಡಿದು ಸನ್ನೆ ಮಾಡಿದರು.

"ತಡೀ," ಎಂದರು ನಝೀರ್, ಮೈಕಿಗೆ ಕೈ ಅಡ್ಡ ಹಿಡಿದು. "ಹುಡುಗ್ರು ಮಾತಾಡಾಕತ್ತಾರ."