ಬೀಗದವನನ್ನು ಪೊಲೀಸರು ಕರೆದಾಗ

ಬಸ್ ನಿಲ್ದಾಣದ ಹಿಂದೆ ಬೀಗ ರಿಪೇರಿಯವನ ಗೂಡಂಗಡಿ. ಕೀಲಿ ಕಳೆದುಕೊಂಡವರೆಲ್ಲ ಅವನ ಬಳಿಗೇ ಓಡಿಬರುತ್ತಿದ್ದರು. ಹೊರದೇಶದಿಂದ ಬಂದು ಕಾಗದಪತ್ರವಿಲ್ಲದೆ ಉಳಿದವರಿಗಾಗಿ ಪೊಲೀಸರು ಮನೆಮನೆ ತಪಾಸಣೆ ಶುರುಮಾಡಿದ ಮೇಲೆ, ತೆರೆಯದ ಬಾಗಿಲುಗಳಿಗೆ ಅವನನ್ನೇ ಕರೆದೊಯ್ಯತೊಡಗಿದರು. ಅಂದಿನಿಂದ ಅವನಿಗೆ ತಿಂದದ್ದು ಮೈಗೆ ಹತ್ತದು, ಕಣ್ಣಿಗೆ ನಿದ್ದೆ ಹತ್ತದು.

ಕೆಲವರು ಅಂಗಡಿಗೇ ಬಂದು ಬೆನ್ನು ತಟ್ಟಿದರು. ಕೆಲವರು ಅವನನ್ನು ಕಂಡೊಡನೆ ಮಾತು ನುಂಗಿಕೊಂಡರು. ಭಾವಮೈದುನನಂತೂ, "ಭಾವ, ಹೇಳದೆ ಕೇಳದೆ ಬಂದು ತಳ ಊರಿದೋರು ಹೋಗ್ಲಿ ಬಿಡಿ. ನೀವು ಮಾಡ್ತಿರೋದು ಕಾನೂನಿನ ಕೆಲಸ" ಎಂದ.

"ಊರಿಗೆಲ್ಲಾ ಬೀಗ ಹಾಕ್ತಾರೆ, ನಿನ್ನ ಬಾಯಿಗೊಂದು ಹಾಕೋಕಾಗ್ಲಿಲ್ಲ ನೋಡು" ಎಂದು ಬೀಗದವನ ಹೆಂಡತಿ ತಮ್ಮನನ್ನು ಗದರಿದಳು.

ಒಂದು ಬೆಳಿಗ್ಗೆ ಜೀಪು ನಿಂತದ್ದು ಬೇಕರಿಯಲ್ಲಿ ಹಿಟ್ಟು ನಾದುವ ಹೆಂಗಸಿನ ಮನೆ ಮುಂದೆ. ಮೊನ್ನೆ ಮೊನ್ನೆ ಆ ಬಾಗಿಲಿಗೆ ಹೊಸ ಚಿಲಕ ಕೂರಿಸಿದವನು ಅವನೇ. "ಗಟ್ಟಿ ಇದೆ ತಾನೇ ಅಣ್ಣಾ?" ಎಂದು ಅವಳು ಮತ್ತೆ ಮತ್ತೆ ಕೇಳಿದ್ದಳು.

ಬಡಿದು ಬಡಿದು ಸಾಕಾದ ಇನ್ಸ್‌ಪೆಕ್ಟರು, "ಕೊರೆದು ತೆಗಿಯಯ್ಯ" ಎಂದರು.

ಒಳಗೆ ಮಗುವೊಂದು ಕೆಮ್ಮಿತು. ಯಾರೋ ತಟ್ಟನೆ ಅದರ ಬಾಯಿ ಮುಚ್ಚಿದಂತಾಯಿತು. ಡ್ರಿಲ್ಲಿನ ಸದ್ದಿಗೆ ಕೂಸು ಹೌಹಾರೀತೆಂದು, "ಅಮ್ಮಾ, ನಾನು ಬೀಗದವನು" ಎಂದು ಕೂಗಿದ.

ಚಿಲಕ ಸರಿಯಿತು. ಅವನ ಬೆನ್ನ ಹಿಂದಿದ್ದ ಪೊಲೀಸರನ್ನು ಕಂಡು ಅವಳು ಮಗುವನ್ನು ಎದೆಗವಚಿಕೊಂಡಳು.

ಅವಳ ಕಾಗದಗಳೆಲ್ಲ ಸರಿಯಾಗಿಯೇ ಇದ್ದವು. ನೆರೆಯವರು ಯಾರೋ ಸುಮ್ಮನೆ ದೂರು ಕೊಟ್ಟಿದ್ದರು.

"ಸರಿ ಇದ್ಮೇಲೆ ಬಾಗಿಲು ತೆಗೆಯೋಕೆ ಏನಾಗಿತ್ತಮ್ಮ?"

"ಭಯ ಆಯ್ತು ಸಾರ್" ಎಂದಳು. ಆಮೇಲೆ ಬೀಗದವನತ್ತ ತಿರುಗಿ, "ನೀವೊಬ್ಬರೇ ಬಂದಿದ್ದೀರಿ ಅಂದ್ಕೊಂಡೆ ಅಣ್ಣಾ" ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಅವಳು ಬೈಯಲಿಲ್ಲ.

ಮುಂದಿನ ಸಲ ಜೀಪು ಅಂಗಡಿಗೆ ಕರೆಯಲು ಬಂದಾಗ, "ನನ್ನ ಕೈಲಾಗಲ್ಲ ಸಾರ್" ಎಂದುಬಿಟ್ಟ. "ನೀನಲ್ದಿದ್ರೆ ಇನ್ನೊಬ್ಬ" ಎಂದು ಇನ್ಸ್‌ಪೆಕ್ಟರು ಹೊರಟುಹೋದರು. ಇನ್ನೊಬ್ಬ ಸಿಕ್ಕಿದ ಕೂಡ.

ಸುದ್ದಿ ಬೀದಿಯಲ್ಲೆಲ್ಲ ಹರಡಿತು. "ಯಾಕೋ ಹಿಂದೆ ಸರಿದ ನೋಡು, ಇವನದೇ ಕಾಗದ ಸರಿ ಇಲ್ವೇನೋ" ಎಂದು ಯಾರೋ ಆಡಿದ ಮಾತು ಹೆಂಡತಿಯ ಕಿವಿಗೂ ಬಿತ್ತು. ಅವಳು ಟ್ರಂಕು ಎಳೆದು, ಮನೆಯವರೆಲ್ಲರ ಕಾಗದಗಳನ್ನು ಹಾಸಿಗೆ ಮೇಲೆ ಹರಡಿಕೊಂಡು ಕೂತಳು. ಒಂದೂ ಕಮ್ಮಿ ಇರಲಿಲ್ಲ. ಆದರೂ ಅವನ್ನು ಒಳಗಿಡಲು ಅವಳಿಗೆ ಕೈ ಬರಲಿಲ್ಲ.